ಸಂಚಿಯೊಳಗಿನ ಗುಳಿಗಿ

"ಯವ್ವಾ, ಇದು ಶುಗರಿಂದೋ ಬಿಪಿದೋ ನೋಡಿ ಹೇಳು" ಅಂತ ಪಕ್ಕದ ಮನೆ ದೊಡ್ಡವ್ವ ಗೋಡೆ ಮೇಲಿಂದ ಅಂಗೈ ಚಾಚಿದಳು. ಎಲಿ-ಅಡಿಕಿ ಸಂಚಿಯಲ್ಲಿ ಸಿಕ್ಕ ಗುಳಿಗೆ. ಬೆಳ್ಳಗೆ, ದುಂಡಗೆ, ನಡುವೆ ಒಂದು ಗೆರೆ, ಅಂಚಿಗೆ ಅಡಿಕೆಪುಡಿ.

"ಇದನ್ನ ಬರೇ ನೋಡಿ ಡಾಕ್ಟ್ರಿಗೂ ಹೇಳಾಕ ಆಗಂಗಿಲ್ಲ, ದೊಡ್ಡವ್ವ."

"ಬಣ್ಣದ ಮ್ಯಾಲೆ ತಿಳಿಯಂಗಿಲ್ಲೇನು?"

ಹೇಗೆ ತಿಳಿದೀತು? ಬಿಪಿಯ ಆಮ್ಲೋಡಿಪಿನ್ ಬಿಳಿ, ಶುಗರಿನ ಮೆಟ್‌ಫಾರ್ಮಿನ್ ಬಿಳಿ, ಜ್ವರದ ಪ್ಯಾರಾಸಿಟಮಾಲೂ ಬಿಳಿ. ಕಂಪನಿ ಬದಲಾದರೆ ಅದೇ ಔಷಧದ ಬಣ್ಣ, ಆಕಾರ ಬೇರೆ. ಅಮೆರಿಕದಲ್ಲಿ 1995ರಿಂದ ಬಹುತೇಕ ಎಲ್ಲ ಗುಳಿಗೆಗಳ ಮೈಮೇಲೆ ಗುರುತಿನ ಅಕ್ಷರ, ಅಂಕಿ ಇರಲೇಬೇಕು. ಅದನ್ನು ಹಿಡಿದು ಹೆಸರು ಪತ್ತೆ ಮಾಡುತ್ತಾರೆ. ನಮ್ಮಲ್ಲಿ ಆ ಕಡ್ಡಾಯವಿಲ್ಲ. ಹಾಗಾಗಿ ಮೊಬೈಲಿನಲ್ಲಿ ಫೋಟೊ ಹೊಡೆದು ಹುಡುಕಿದರೆ ಯಾವುದೋ ದೇಶದ ಯಾವುದೋ ಗುಳಿಗೆ ತೋರಿಸೀತು, ಅದನ್ನು ನಂಬಿ ನುಂಗಬಾರದು.

ನಮ್ಮ ಗುಳಿಗೆಯ ಹೆಸರು, ಬ್ಯಾಚ್ ನಂಬರು, ಅವಧಿ ಮುಗಿಯುವ ತಿಂಗಳು ಎಲ್ಲ ಇರುವುದು ಸ್ಟ್ರಿಪ್ಪಿನ ಮೇಲೆ. ಅಂಗಡಿಯವರು ನಾಲ್ಕೇ ಗುಳಿಗೆ ಕತ್ತರಿಸಿ ಕೊಟ್ಟಾಗ ತಾರೀಖು ಇರುವ ತುದಿ ಅಲ್ಲೇ ಉಳಿದುಬಿಡುತ್ತದೆ. ಆಗ ಸಂಕೋಚ ಬಿಟ್ಟು, "ಹೆಸರು, ತಾರೀಖು ಕವರಿನ ಮ್ಯಾಲೆ ಬರದು ಕೊಡ್ರಿ" ಅನ್ನಬೇಕು. ಇಡೀ ಸ್ಟ್ರಿಪ್ ತಂದರೆ ತಾರೀಖಿನ ತುದಿಯ ಗುಳಿಗೆ ಕೊನೆಗೆ ಬಿಡಿಸಬೇಕು. ದೊಡ್ಡವ್ವ ಮಾಡುವಂತೆ ವಾರದ್ದೆಲ್ಲ ಒಮ್ಮೆಲೇ ಬಿಡಿಸಿ ಸಂಚಿಗೆ ಸುರಿದುಕೊಂಡರೆ ತೇವಕ್ಕೆ ಕೆಡುತ್ತವೆ, ಕಲೆತೂ ಹೋಗುತ್ತವೆ.

"ರೊಕ್ಕ ಕೊಟ್ಟು ತಂದದ್ದಲ್ಲೇನವ್ವಾ, ನುಂಗಿಬಿಡ್ತೀನಿ."

"ಬ್ಯಾಡ. ಶುಗರ್ ಗುಳಿಗಿ ಮುಂಜಾನೆ ತಗೊಂಡಿದ್ದು, ಇದೂ ಅದೇ ಆಗಿದ್ರ ಬೆವತು ಬೀಳ್ತಿ. ಕಾಗದದಾಗ ಸುತ್ತಿ ಬ್ಯಾರೆ ಇಡು, ಚೀಟಿ ಜೋಡಿ ಡಾಕ್ಟ್ರಿಗೆ ತೋರ್ಸು. ತಿಪ್ಪಿಗೆ ಮಾತ್ರ ಒಗೀಬ್ಯಾಡ."

ನನಗೆ ಹೆಚ್ಚು ಚಿಂತೆ ಅವಳ ಮೊಮ್ಮಗನದು. ಸಂಚಿ ಕಂಡರೆ ಅಡಿಕೆಗೆ ಕೈ ಹಾಕುವ ಮಗು. ಗ್ಲಿಮೆಪಿರೈಡ್‌ನಂಥ ಶುಗರ್ ಗುಳಿಗೆ ಒಂದೇ ಒಂದು ಸಾಕು, ಎಳೆಯ ಮಗುವಿನ ಸಕ್ಕರೆ ಜೀವಕ್ಕೆ ಅಪಾಯವಾಗುವಷ್ಟು ಇಳಿಯಬಹುದು. ಅದೂ ತಾಸುಗಟ್ಟಲೆ ತಡವಾಗಿ. ಆಡುತ್ತಿದೆಯಲ್ಲ ಎಂದು ಸುಮ್ಮನೆ ಕೂಡುವಂತಿಲ್ಲ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲೂಬಾರದು. ನುಂಗಿದ್ದು ಗೊತ್ತಾದ ಕೂಡಲೇ 108ಕ್ಕೆ ಫೋನ್ ಮಾಡಿ, ನಮಗೆ ಹತ್ತಿರದ ಸಿಂಧನೂರಿನ ಆಸ್ಪತ್ರೆಗೆ ಹೊರಡಬೇಕು. ದೆಹಲಿಯ ಏಮ್ಸ್ ಆಸ್ಪತ್ರೆಯ ವಿಷ ಮಾಹಿತಿ ಕೇಂದ್ರದ ಉಚಿತ ನಂಬರು 1800 116 117.

"ಹೋಗುವಾಗ ಸ್ಟ್ರಿಪ್ ಖಾಲಿ ಇದ್ರೂ ಕೈಯಾಗ ಹಿಡಕೊಂಡು ಹೋಗ್ಬೇಕು ದೊಡ್ಡವ್ವ. ಏನು ನುಂಗೈತಿ ಅಂತ ಡಾಕ್ಟ್ರು ಮೊದಲು ಅದನ್ನ ಕೇಳ್ತಾರ."