ಜಟಾನಿರ್ಣಯ: ಯಲಹಂಕ ಉಪನಗರದ ಒಂದು ತಲೆಯನ್ನು ಆಧರಿಸಿದ ಅಧ್ಯಯನ

‘ಜಟಿಲ’ ಎಂಬ ಶಬ್ದ ಈಗ ಪತ್ರಿಕೆಗಳ ಸಂಪಾದಕೀಯ ಬಿಟ್ಟು ಬೇರೆ ಕಡೆ ತಲೆ ಹಾಕುವುದು ಕಡಿಮೆ. ನದಿ ನೀರಿನ ಸಮಸ್ಯೆ ಜಟಿಲ, ಖಾತಾ ಸಮಸ್ಯೆ ಇನ್ನೂ ಜಟಿಲ. ಸಂಸ್ಕೃತದಲ್ಲಿ ಅದರ ಮೂಲಾರ್ಥ ‘ಜಟೆಯುಳ್ಳವನು’ ಎಂದಷ್ಟೇ. ಕೂದಲು ಗಂಟಾದ ಮನುಷ್ಯನಿಂದ ಹೊರಟ ಮಾತು ಗಂಟಾದ ವ್ಯವಹಾರಗಳಿಗೆಲ್ಲ ಹಬ್ಬಿತು. ಈ ಸಲದ ಯುಗಾದಿಯ ದಿನ ಬೆಳಿಗ್ಗೆ, ಯಲಹಂಕ ಉಪನಗರದ ನಮ್ಮ ಅಕ್ಕನ ಮನೆಯ ಬಚ್ಚಲ ಬಾಗಿಲಲ್ಲಿ, ಅದು ಮೂಲಾರ್ಥಕ್ಕೇ ಹಿಂತಿರುಗಿತು.

ಅಕ್ಕ ಹರಳೆಣ್ಣೆ ಬಟ್ಟಲು ಹಿಡಿದು ನಿಂತಿದ್ದಳು. ಅವಳ ಮಗ ತಲೆಗೆ ಎಣ್ಣೆ ಮುಟ್ಟಿಸಿಕೊಳ್ಳಲಿಲ್ಲ. “ಎಣ್ಣೆ ಬಿದ್ರೆ ಕೂದ್ಲು ಜಾರತ್ತಮ್ಮ, ಗಂಟು ಕೂರಲ್ಲ. ಡ್ರೆಡ್‌ಲಾಕ್ಸ್ ಮಾಡಿಸ್ಕೋತಿದೀನಿ” ಅಂದ. ಅಕ್ಕ ಬಟ್ಟಲನ್ನು ಕೆಳಗಿಟ್ಟು ನನಗೆ ಫೋನು ಮಾಡಿದಳು. “ನೀನು ಮೂವತ್ತು ವರ್ಷ ಕನ್ನಡ ಪಾಠ ಮಾಡಿದೋನು, ನೀನೇ ಬಂದು ಹೇಳೋ ಇವನಿಗೆ.” ನಾನು ಹೋದೆ. ಹೇಳಲಿಲ್ಲ, ಅಧ್ಯಯನಕ್ಕೆ ಕೈ ಹಾಕಿದೆ. ನಿವೃತ್ತರಾದ ಮೇಷ್ಟರಿಗೆ ವಿಷಯ ಸಿಗುವುದೇ ಕಷ್ಟ.

ಮೊದಲು ಪೂರ್ವಪಕ್ಷ. ‘ಎರಡು ಜಡೆ ಒಂದು ಕಡೆ ಸೇರಲ್ಲ’ ಎಂದು ಗಾದೆ. ಇದನ್ನು ಗಂಡಸರು ಹೆಂಗಸರ ಮೇಲೆ ಪ್ರಯೋಗಿಸುತ್ತ ಬಂದಿದ್ದಾರೆ. ಎರಡೇ ಸೇರದಿದ್ದರೆ ಒಂದೇ ತಲೆಯ ಮೇಲೆ ಐವತ್ತು ಜಡೆ ಹೇಗೆ ಸಂಸಾರ ಮಾಡಾವು ಎಂಬುದು ಪ್ರಶ್ನೆ. ಉತ್ತರ: ಸೇರದೆ ಇರುವುದೇ ಇಲ್ಲಿ ಬೇಕಾದದ್ದು. ಪಕ್ಕಪಕ್ಕದ ಎರಡು ಜಟೆ ಬುಡದಲ್ಲಿ ಸೇರಿಕೊಂಡರೆ ಕೆಲಸ ಕೆಟ್ಟಂತೆ. ಪ್ರತಿ ಸಲ ತಲೆ ತೊಳೆದ ಮೇಲೆ ಬುಡ ಹಿಡಿದು ಅವನ್ನು ಬೇರೆ ಮಾಡಬೇಕು. ಗಾದೆ ಹೀಗೆ ಶಾಸ್ತ್ರಸಮ್ಮತವಾಯಿತು.

ಇನ್ನು ಪದ್ಧತಿಗಳ ವಿಚಾರ. ಮೊದಲನೆಯದು ವಟಕ್ಷೀರ ಪದ್ಧತಿ. ವಾಲ್ಮೀಕಿಯ ಅಯೋಧ್ಯಾಕಾಂಡದಲ್ಲಿ ಗಂಗೆಯ ದಡಕ್ಕೆ ಬಂದ ರಾಮ, ಗುಹನಿಂದ ಆಲದ ಹಾಲು ತರಿಸಿ ತನ್ನ ಮತ್ತು ಲಕ್ಷ್ಮಣನ ತಲೆಗೂದಲನ್ನು ಜಟೆ ಮಾಡುತ್ತಾನೆ. ಇದು ಭಕ್ತಿಯ ಪ್ರಸಂಗವೆಂದು ಎಲ್ಲರೂ ಕಣ್ಣೀರು ಹಾಕಿ ಮುಂದೆ ಹೋಗುತ್ತಾರೆ. ಇದೊಂದು ತಾಂತ್ರಿಕ ವಿವರ ಎಂದು ಯಾರೂ ನಿಂತು ನೋಡಿಲ್ಲ. ಆಲದ ಹಾಲು ಗಾಳಿಗೆ ಒಣಗಿ ರಬ್ಬರಿನ ಹಾಗೆ ಹಿಡಿಯುತ್ತದೆ. ಉತ್ತರದವರ ನೀಳ ಕೂದಲು ತಾನಾಗಿ ಗಂಟು ಬೀಳುವುದು ನಿಧಾನ, ದಶರಥ ಕೊಟ್ಟ ಅವಧಿಯೋ 14 ವರ್ಷ, ಮೊದಲ ದಿನವೇ ತಾಪಸರ ಹಾಗೆ ಕಾಣಬೇಕು. ಅಂಟು ಅನಿವಾರ್ಯ. ಅದನ್ನು ತೆಗೆಯುವ ವಿಧಿಯನ್ನೂ ಕವಿ ಮರೆತಿಲ್ಲ. ಯುದ್ಧಕಾಂಡದ ಕೊನೆಗೆ ಕ್ಷೌರಿಕರು ಬರುತ್ತಾರೆ, ಮೊದಲು ಭರತ, ಆಮೇಲೆ ಲಕ್ಷ್ಮಣ, ಕೊನೆಗೆ ಜಟೆ ಕಳಚಿ ರಾಮ ಮೀಯುತ್ತಾನೆ. ಪಟ್ಟಾಭಿಷೇಕಕ್ಕಿಂತ ಮೊದಲು ಸೆಲೂನು; ಕ್ರಮ ಸರಿಯಾಗಿದೆ.

ಈ ಪದ್ಧತಿಯ ಈಗಿನ ರೂಪ ಮೇಣ. ಜೇನುಮೇಣದ ಡಬ್ಬಿಗಳು ಸಿಗುತ್ತವೆ. ಮೇಣ ನೀರಿಗೆ ಹೋಗುವುದಿಲ್ಲ, ಒಳಗೇ ಕೂತು ಧೂಳು ಹಿಡಿಯುತ್ತದೆ. ಬಳ್ಳಾರಿ ರಸ್ತೆಯಲ್ಲಿ ಏರ್‌ಪೋರ್ಟಿನ ಕಡೆ ದಿನಾ ಬೈಕಿನಲ್ಲಿ ಹೋಗಿಬರುವವನು ಮೇಣ ಹಚ್ಚಿಕೊಂಡರೆ ಆರು ತಿಂಗಳಲ್ಲಿ ಅವನ ತಲೆಯ ಮೇಲೆ ಒಂದು ಸೈಟಿಗೆ ಬೇಕಾಗುವಷ್ಟು ಮಣ್ಣು ಜಮಾ ಆಗುತ್ತದೆ. ನಮ್ಮ ಅಳಿಯ ಅದೇ ದಾರಿಯವನು. ಮೇಣ ನಿಷಿದ್ಧ ಎಂದು ತೀರ್ಪಿತ್ತೆ. ಆಲದ ಹಾಲು ನೋಡೋಣ ಎಂದು ರಾಗ ಎಳೆದೆ. ಅಕ್ಕ ಸೌಟು ತೋರಿಸಿದಳು.

ಎರಡನೆಯದು ಹಿಮ್ಮುಖ ಬಾಚಣಿಕೆ. ಒಂದು ಕಟ್ಟು ಕೂದಲನ್ನು ನೆಟ್ಟಗೆ ಎಳೆದು ಹಿಡಿದು, ಸಣ್ಣ ಹಲ್ಲಿನ ಬಾಚಣಿಗೆಯಿಂದ ತುದಿಯ ಕಡೆಯಿಂದ ಬುಡದ ಕಡೆಗೆ ತಳ್ಳುತ್ತ ಹೋಗುವುದು. ಕೂದಲಿನ ಮೇಲೆ ಹೆಂಚು ಹೊದಿಸಿದ ಹಾಗೆ ಪದರಗಳಿರುತ್ತವೆ. ಹೆಂಚುಗಳ ಅಂಚು ತುದಿಯ ಕಡೆ. ಬುಡದಿಂದ ತುದಿಗೆ ಬಾಚಿದರೆ ನಯ, ತುದಿಯಿಂದ ಬುಡಕ್ಕೆ ನೂಕಿದರೆ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಇದಕ್ಕೆ ವೇದಪ್ರಮಾಣ ಉಂಟೇ ಎಂದರೆ, ಉಂಟು. ವೇದಪಠನದ ಎಂಟು ವಿಕೃತಿಗಳಲ್ಲಿ ಮೊದಲನೆಯದು ಜಟಾಪಾಠ: ಎರಡು ಪದಗಳನ್ನು ಮುಂದಕ್ಕೆ, ಹಿಂದಕ್ಕೆ, ಮತ್ತೆ ಮುಂದಕ್ಕೆ ಹೇಳುವುದು. ಒಂದಕ್ಷರ ಕಳಚದಂತೆ ಮಂತ್ರವನ್ನು ಸಿಕ್ಕು ಹಾಕುವ ಉಪಾಯ ಅದು. ಬಾಚಣಿಗೆಯೂ ಮುಂದೆ, ಹಿಂದೆ, ಮತ್ತೆ ಮುಂದೆ. ಇದರ ದೋಷ ಒಂದೇ: ಇಡೀ ತಲೆಗೆ ಒಂದು ಹಗಲು ಬೇಕು, ಆ ಹಗಲು ನೋವಿನದು.

ಮೂರನೆಯದು ತಿರುಚಿ ಹರಿಯುವುದು. ಸಾಧನ ಬೇಡ, ಕೈ ಸಾಕು. ಕಟ್ಟನ್ನು ತಿರುಚಿ, ತುದಿಯಲ್ಲಿ ಎರಡು ಪಾಲು ಮಾಡಿ, ಎರಡನ್ನೂ ಪಕ್ಕಕ್ಕೆಳೆದರೆ ಗಂಟು ಬುಡಕ್ಕೆ ಸರಿಯುತ್ತದೆ. ಪಾಲು ಮಾಡುವುದು, ಎರಡೂ ಕಡೆ ಎಳೆಯುವುದು, ಬುಡದಲ್ಲಿ ಗಂಟು ಬೀಳುವುದು: ಈ ಪದ್ಧತಿಯನ್ನು ಕಂಡುಹಿಡಿದವರು ಅಣ್ಣತಮ್ಮಂದಿರು ಎಂದು ನನ್ನ ಊಹೆ.

ನಾಲ್ಕನೆಯದು ಕ್ರೋಶಾ ಕಡ್ಡಿ. ಮುಕ್ಕಾಲು ಮಿಲಿಮೀಟರಿನ ಕೊಕ್ಕೆ ಜಟೆಯೊಳಗೆ ಹೋಗಿ, ಹೊರಗೆ ನಿಂತ ಎಳೆಗಳನ್ನು ಹಿಡಿದು ಒಳಕ್ಕೆಳೆಯುತ್ತದೆ. ಮೊದಲ ದಿನವೇ ಹಗ್ಗದ ಹಾಗೆ ಅಚ್ಚುಕಟ್ಟು. ಅವಸರ ಮಾಡಿದರೆ ಎಳೆಗಳು ಒಳಗೇ ತುಂಡಾಗುತ್ತವೆ. ಹಣ ಉಳಿಸಲು ನಮ್ಮ ಅಳಿಯನ ಗೆಳೆಯನೊಬ್ಬ ಯಶವಂತಪುರದ ಮಂಡಿಯಿಂದ ಈರುಳ್ಳಿ ಮೂಟೆ ಹೊಲಿಯುವ ದಬ್ಬಣ ತಂದು ತೋರಿಸಿದ. ದಬ್ಬಣಕ್ಕೆ ಕೊಕ್ಕೆ ಇಲ್ಲ, ಬರೀ ಕಣ್ಣು. ವಿದ್ವತ್ತಿಗೂ ಅಷ್ಟೇ ಇರುವುದು ಎಂದುಕೊಂಡು ಸುಮ್ಮನಾದೆ.

ಐದನೆಯದು ಉಪೇಕ್ಷಾ ಪದ್ಧತಿ, ಅಂದರೆ ಏನೂ ಮಾಡದಿರುವುದು. ಇದು ಅತಿ ಪ್ರಾಚೀನ ಮತ್ತು ನಮ್ಮ ನಗರಕ್ಕೆ ಅತಿ ಪರಿಚಿತ. ಹೆಬ್ಬಾಳದ ಮೇಲ್ಸೇತುವೆಯನ್ನು ಮೇಲಿನಿಂದ ನೋಡಿದವರು, ಒಂದರೊಳಗೊಂದು ಹೊಕ್ಕ ಅದರ ಲೂಪುಗಳನ್ನು ಯಾರೋ ಕೂತು ಯೋಚಿಸಿ ಹೆಣೆದರು ಎಂದರೆ ಒಪ್ಪುವುದಿಲ್ಲ. ಭೌತಶಾಸ್ತ್ರ ಈ ಪದ್ಧತಿಯ ಪಕ್ಷದಲ್ಲಿದೆ. ಅಮೆರಿಕದ ರೇಮರ್ ಮತ್ತು ಸ್ಮಿತ್ ಎಂಬಿಬ್ಬರು 2007ರಲ್ಲಿ ಒಂದು ಪೆಟ್ಟಿಗೆಯೊಳಗೆ ದಾರ ಹಾಕಿ ತಿರುಗಿಸಿದರು, ಒಟ್ಟು 3,415 ಸಲ. ಕೆಲವೇ ಸೆಕೆಂಡಿನಲ್ಲಿ ದಾರ ತಾನೇ ಗಂಟಾಯಿತು. ಮರುವರ್ಷ ಅವರಿಗೆ ಇಗ್ ನೊಬೆಲ್ ಬಂತು. ಆದರೆ 46 ಸೆಂಟಿಮೀಟರಿಗಿಂತ ಗಿಡ್ಡ ದಾರ ಗಂಟೇ ಬೀಳಲಿಲ್ಲವಂತೆ. ನಾನು ಅಳಿಯನ ಕೂದಲಿಗೆ ಟೇಪು ಹಿಡಿದೆ: 19. ಅಕ್ಕನ ಮುಖ ಅರಳಿತು. ನಾನು ಸತ್ಯ ಮುಚ್ಚಿಡಲಾರೆ, ಅವರ ಪೆಟ್ಟಿಗೆಯಲ್ಲಿದ್ದದ್ದು ಒಂದು ದಾರ, ಇವನ ತಲೆಯಲ್ಲಿರುವುದು ಸುಮಾರು ಒಂದು ಲಕ್ಷ. ಮುಖ ಮತ್ತೆ ಬಾಡಿತು.

ಉಪೇಕ್ಷೆಯ ಕುರಿತು ಸಾಹಿತ್ಯದಲ್ಲಿ ಬಗೆಹರಿಯದ ಒಂದು ಪ್ರಶ್ನೆ ಇದೆ. ದ್ರೌಪದಿ 13 ವರ್ಷ ಮುಡಿ ಕಟ್ಟಲಿಲ್ಲ. ಕಟ್ಟಲಿಲ್ಲ ಎನ್ನುತ್ತಾರೆ ಕವಿಗಳು. ಬಾಚಿದಳೇ ಇಲ್ಲವೇ ಎಂದು ಬಾಯಿ ಬಿಡುವುದಿಲ್ಲ. ಬಾಚದಿದ್ದರೆ ಅರಣ್ಯದ 12 ವರ್ಷಕ್ಕೆ ಅದು ತೋಳಿನಷ್ಟು ದಪ್ಪದ ಜಟೆಯಾಗಿರಬೇಕು, ಭೀಮ ಕಟ್ಟಲು ಹೋದದ್ದು ಏನನ್ನು? ಬಾಚಿದ್ದರೆ ಪ್ರತಿಜ್ಞೆಯ ಬಿಸಿ ಕೊಂಚ ಇಳಿಯುತ್ತದೆ. ನನ್ನ ಮತ: ಬಾಚಿದಳು. ಕೊನೆಯ ವರ್ಷ ಅವಳು ವಿರಾಟನ ಅರಮನೆಯಲ್ಲಿ ಸೈರಂಧ್ರಿ, ಅಂದರೆ ರಾಣಿಯ ತಲೆ ಬಾಚಿ ಸಿಂಗರಿಸುವವಳು. ತನ್ನ ತಲೆ ಜಟೆ ಕಟ್ಟಿದವಳಿಗೆ ಆ ಕೆಲಸ ಯಾರು ಕೊಟ್ಟಾರು?

ಸ್ಥಳೀಯ ಪ್ರಮಾಣಗಳನ್ನೂ ಹುಡುಕಿದೆ. ಹೆಬ್ಬಾಳದಲ್ಲಿ ಸಿಕ್ಕಿದ, ಸುಮಾರು 750ರ, ಗಂಗರ ಶ್ರೀಪುರುಷನ ಕಾಲದ ವೀರಗಲ್ಲು ಕಿತ್ತಯ್ಯ ಹೋರಾಡಿ ಸತ್ತನೆಂದು ಹೇಳುತ್ತದೆ. ಯುದ್ಧಕ್ಕೆ ಹೋಗುವ ಮುನ್ನ ತಲೆ ಹೇಗೆ ಕಟ್ಟಿಕೊಂಡ ಎಂಬುದರಲ್ಲಿ ಶಾಸನಕವಿಗೆ ಆಸಕ್ತಿ ಇಲ್ಲ. ಆರ್.ಟಿ. ನಗರ ರವೀಂದ್ರನಾಥ ಟ್ಯಾಗೋರರ ಹೆಸರಿನದು. ಅಷ್ಟು ಗಡ್ಡ, ಅಷ್ಟು ಕೂದಲು ಇಟ್ಟುಕೊಂಡೂ ಒಂದು ಸಿಕ್ಕು ಕಾಣದ ಮನುಷ್ಯ ನಮ್ಮ ವಿಷಯಕ್ಕೆ ನಿರುಪಯೋಗಿ. ಪಕ್ಕದಲ್ಲೇ ಗಂಗಾನಗರ. ಗಂಗೆ ಶಿವನ ಜಟೆಯಲ್ಲಿ ಸಿಕ್ಕಿಕೊಂಡು ದಾರಿ ಕಾಣದೆ ಸುತ್ತಿದಳು ಎಂಬ ಕಥೆಯನ್ನು ಸಂಜೆ ಆರು ಗಂಟೆಗೆ ಆ ಕಡೆಯಿಂದ ಹೆಬ್ಬಾಳ ದಾಟುವವರು ಸಂಶಯವಿಲ್ಲದೆ ನಂಬುತ್ತಾರೆ. ಒಂದು ಲೆಕ್ಕ ಹೇಳುತ್ತೇನೆ: ಕೂದಲು ತಿಂಗಳಿಗೆ ಒಂದು ಸೆಂಟಿಮೀಟರಿನಷ್ಟು ಬೆಳೆಯುತ್ತದೆ. ಲಕ್ಷ ಕೂದಲಿನ ಒಟ್ಟು ಬೆಳವಣಿಗೆ ತಿಂಗಳಿಗೆ ಒಂದು ಕಿಲೋಮೀಟರ್. ಆ ಹೊತ್ತಿನಲ್ಲಿ ಕಾರಿನದು ಅದಕ್ಕಿಂತ ಜೋರು, ಆದರೆ ಬಹಳ ಅಲ್ಲ.

ಅಳಿಯ ಇದೆಲ್ಲ ಕೇಳಿ, “ಮಾವ, ಇದು ಜಮೈಕಾದ್ದು. ಬಾಬ್ ಮಾರ್ಲಿ” ಅಂದ. ಇಥಿಯೋಪಿಯಾದಲ್ಲಿ 1930ರಲ್ಲಿ ಹೈಲೆ ಸೆಲಾಸಿಗೆ ಪಟ್ಟವಾದ ಮೇಲೆ ಜಮೈಕಾದ ಬಡ ಕಪ್ಪುಜನರ ನಡುವೆ ರಾಸ್ತಫಾರಿ ಪಂಥ ಹುಟ್ಟಿದ್ದು ನಿಜ, ತಲೆಗೆ ಕತ್ತರಿ ತಾಗಿಸಬಾರದೆಂಬ ವ್ರತವನ್ನು ಬೈಬಲ್ಲಿನಿಂದ ತೆಗೆದುಕೊಂಡದ್ದೂ ನಿಜ. ಆದರೆ 1845ರಿಂದ ಭಾರತದ ಕೂಲಿಗಳು ಹಡಗು ಹತ್ತಿ ಅಲ್ಲಿಗೆ ಹೋದರು, ಗಾಂಜಾ ಎಂಬ ನಮ್ಮ ಮಾತು ಅಲ್ಲಿ ನೆಲೆಯಾಯಿತು, ಜೊತೆಗೆ ಸಾಧುಗಳ ಜಟೆಯ ನೆನಪೂ ಹೋಗಿರಬಹುದೆಂದು ವಾದಿಸುವ ವಿದ್ವಾಂಸರಿದ್ದಾರೆ. “ಹಾಗಾದ್ರೆ ನಮ್ದೇ!” ಎಂದು ಅಳಿಯ ಎದ್ದು ನಿಂತ. ಯಾವುದನ್ನಾದರೂ ನಮ್ಮದೆಂದು ಸಾಬೀತು ಮಾಡಿದರೆ ಮನೆಯಲ್ಲಿ ಅನುಮತಿ ಸಿಗುತ್ತದೆಂದು ಈಗಿನ ಹುಡುಗರಿಗೂ ಗೊತ್ತು.

ಅಂತೂ ಒಂದು ಭಾನುವಾರ ಅವನು ಹತ್ತು ಸಾವಿರ ಕೊಟ್ಟು ಕ್ರೋಶಾ ಮಾಡಿಸಿಕೊಂಡು ಬಂದ. ನಾನು ಜೊತೆಗೆ ಹೋಗಿದ್ದೆ, ಟಿಪ್ಪಣಿ ಪುಸ್ತಕದೊಂದಿಗೆ. ಅಲ್ಲಿ ನನ್ನ ಮನಸ್ಸು ಸೆಳೆದದ್ದು ಬೈತಲೆ ತೆಗೆಯುವ ಕ್ರಮ. ತಲೆಯನ್ನು ಚೌಕ ಚೌಕ ಮಾಡಿ, 48 ತುಂಡು. ಇದು ಲೇಔಟ್ ಮಾಡುವುದೇ, ಬೇರೇನಲ್ಲ. ಸಾಲುಗಳನ್ನು ನೆಟ್ಟಗೆ ನಿಲ್ಲಿಸದೆ ಇಟ್ಟಿಗೆ ಗೋಡೆಯ ಹಾಗೆ ಒಂದು ಸಾಲಿನ ಸಂದಿಗೆ ಇನ್ನೊಂದು ಸಾಲಿನ ಮಧ್ಯ ಬರುವಂತೆ ಇಡುತ್ತಾರೆ. ಇಲ್ಲದಿದ್ದರೆ ಬೋಳು ರಸ್ತೆಗಳು ಎದ್ದು ಕಾಣುತ್ತವೆ. ನೆತ್ತಿಯ ಮೇಲಿನವು ಕಾರ್ನರ್ ಸೈಟು, ಕಿವಿಯ ಹಿಂದಿನವು ರೆವಿನ್ಯೂ ಸೈಟು. ಒಂದೊಂದರಲ್ಲಿ ಎರಡು ಸಾವಿರದಷ್ಟು ನಿವಾಸಿಗಳು. ಬುಡದಲ್ಲಿ ಒಬ್ಬರದನ್ನೊಬ್ಬರು ಒತ್ತುವರಿ ಮಾಡದಂತೆ ಮಾಲೀಕ ವಾರಕ್ಕೊಮ್ಮೆ ಸರ್ವೆ ನಡೆಸಬೇಕು.

ಪೋಷಣೆಯ ಅಧ್ಯಾಯ ಇದಕ್ಕಿಂತ ಕಷ್ಟ. ದಿನಕ್ಕೆ ಐವತ್ತರಿಂದ ನೂರು ಕೂದಲು ಎಲ್ಲರ ತಲೆಯಿಂದಲೂ ಉದುರುತ್ತದೆ. ಜಟೆಯಲ್ಲಿ ಅದು ಉದುರದು, ಒಳಗೇ ಉಳಿಯುತ್ತದೆ. ಸತ್ತವರನ್ನೂ ಮನೆಯಿಂದ ಆಚೆ ಕಳಿಸದ ಅವಿಭಕ್ತ ಕುಟುಂಬ. ಜಟೆ ತೊಳೆಯಬಾರದೆಂದು ಯಾರೋ ಹಬ್ಬಿಸಿದ್ದು ಶುದ್ಧ ಸುಳ್ಳು. ತೊಳೆಯಬೇಕು, ಆದರೆ ಏನೂ ಉಳಿಯದ ಹಾಗೆ. ನಮ್ಮ ಕಡೆ ಬೋರ್‌ವೆಲ್ಲಿನ ನೀರು ಗಡಸು. ಸೋಪು ಹಾಕಿದರೆ ಸುಣ್ಣದಂಶದ ಜೊತೆ ಸೇರಿ ಬಿಳಿ ಜಿಡ್ಡಾಗುತ್ತದೆ, ಬಕೆಟ್ಟಿನ ಅಂಚಿಗೆ ಹತ್ತಿದ್ದೇ ಜಟೆಯ ಹೊಟ್ಟೆಗೂ ಹತ್ತುತ್ತದೆ. ಅಂಟುವಾಳ, ಸೀಗೆ ಹಾಗೆ ಜಿಡ್ಡು ಕಟ್ಟುವುದಿಲ್ಲ. ಅಕ್ಕ ಇಲ್ಲಿ ಮೊದಲ ಸಲ ಚರ್ಚೆಗೆ ಇಳಿದಳು. “ಪುಡಿ ಹಾಕಿದ್ರೆ ಚೂರು ಒಳಗೆ ಸಿಕ್ಕೋತ್ತೆ, ಅಂಟುವಾಳದ ಕಾಯಿ ಕುದಿಸಿ ಸೋಸಿ ಕೊಡ್ತೀನಿ” ಅಂದಳು. ಇಡೀ ಪ್ರಬಂಧದಲ್ಲಿ ಮೂಲ ಸಂಶೋಧನೆ ಎನ್ನಬಹುದಾದದ್ದು ಈ ಒಂದು ವಾಕ್ಯ.

ಒಂದು ಮೂಲವನ್ನು ನಾನು ನೋಡದೆ ಬಿಟ್ಟಿದ್ದೆ. ಅದು ಪಕ್ಕದ ಸೈಟಿನಲ್ಲೇ ಇತ್ತು.

ಅಲ್ಲಿ ನಾಲ್ಕು ಅಂತಸ್ತು ಏಳುತ್ತಿದೆ. ಹೊಸ ಮೋಲ್ಡಿಗೆ ಬೆಳಿಗ್ಗೆ ಪೈಪಿನಲ್ಲಿ ನೀರು ಹಾಯಿಸುವ ಹೆಂಗಸು ಸವದತ್ತಿ ಸೀಮೆಯವಳು. ಅಳಿಯ ತಲೆ ತೊಳೆದು, ಒದ್ದೆ ಜಟೆಯನ್ನು ಗಂಟು ಹಾಕಿ, ಬೈಕು ಹೊರಗೆ ತೆಗೆಯುತ್ತಿದ್ದ. ಅವಳು ಪೈಪು ಕೆಳಗೆ ಹಾಕಿ ಕೈ ಮುಗಿದಳು. ಅವನು ಹಿಂದೆ ತಿರುಗಿ ನೋಡಿದ, ಯಾರಿಗೆ ಅಂತ.

“ಎಷ್ಟ್ ವರ್ಷ ಆತು ತಮ್ಮಾ, ಎಲ್ಲವ್ವ ಬಂದು?”

“ಎಲ್ಲವ್ವ ಅಲ್ಲಮ್ಮ, ದುಡ್ಡು ಕೊಟ್ಟು ಮಾಡಿಸಿರೋದು. ಹತ್ತು ಸಾವಿರ.”

ಅವಳು ನಗಲಿಲ್ಲ. “ನನಗೂ ಇತ್ರಿ ಸಣ್ಣಾಕಿದ್ದಾಗ, ಇಲ್ಲೊಂದು ಜಡಿ” ಎಂದು ಕಿವಿಯ ಹಿಂದೆ ಮುಟ್ಟಿ ತೋರಿಸಿದಳು. “ಹೇನಿಗೆ ಗಂಟಾಗಿತ್ತೋ ಏನೋ. ಮನ್ಯಾಗ ಭಂಡಾರ ಹಚ್ಚಿದ್ರು. ಹಣಗಿ ಮುಟ್ಟಸಲಿಲ್ಲ.” ಆಮೇಲೆ ಏನಾಯಿತೆಂದು ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ. ಜಡೆ ಬಂದ ಹುಡುಗಿಯರನ್ನು ಎಲ್ಲಮ್ಮನ ಗುಡ್ಡಕ್ಕೆ ಕರೆದೊಯ್ದು ಮುತ್ತು ಕಟ್ಟಿಸುತ್ತಿದ್ದ ವಿಚಾರ, ಅದನ್ನು ತಡೆಯಲು 1982ರಲ್ಲಿ ದೇವದಾಸಿ ಸಮರ್ಪಣೆ ನಿಷೇಧದ ಕಾಯ್ದೆ ಮಾಡಿದ ವಿಚಾರ, ನಾನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೆ. ಪದ್ಧತಿಗಳನ್ನು ಎಣಿಸುವಾಗ ಮಾತ್ರ ಅದು ನೆನಪಾಗಿರಲಿಲ್ಲ. ನನ್ನ ಪಟ್ಟಿಯಲ್ಲಿ ಆರಿಸಿಕೊಳ್ಳುವವರ ಪದ್ಧತಿಗಳಷ್ಟೇ ಇದ್ದವು.

ಅಳಿಯ ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತ ನಿಂತಿದ್ದ. ಅವಳು ಹತ್ತಿರ ಬಂದು ಅವನ ಗಂಟನ್ನು ಬೆರಳಿಂದ ಒತ್ತಿ ನೋಡಿದಳು. ನೀರು ಇಳಿಯಿತು.

“ಹಸಿ ಐತಲ್ಲೋ. ಹಿಂಗ ಕಟ್ಟಬ್ಯಾಡ, ಒಳಗ ಬೂಸರ ಹಿಡೀತೈತಿ, ನಾರತೈತಿ. ಬಿಚ್ಚಿ ಬಿಸಲಾಗ ಕುಂದ್ರು ಹೋಗು.”

ಬೈಕು ಒಳಗೆ ಹೋಯಿತು. ತಾರಸಿಯ ಮೇಲೆ ಅಕ್ಕ ಪ್ಲಾಸ್ಟಿಕ್ ಹಾಳೆ ಹಾಸಿ ಅರಳು ಸಂಡಿಗೆ ಒಣಹಾಕಿದ್ದಳು. ಅವನು ಅದರ ಪಕ್ಕದಲ್ಲೇ ಜಾಗ ಮಾಡಿಕೊಂಡು, 48ನ್ನೂ ಬಿಚ್ಚಿ ಹರವಿ, ಬಿಸಿಲಿಗೆ ತಲೆ ಕೊಟ್ಟು ಕೂತ. ಹೇಗೂ ಕೂತಿದ್ದಾನಲ್ಲ ಎಂದು ಅಕ್ಕ ಕಾಗೆ ಓಡಿಸುವ ಕೋಲನ್ನು ಅವನ ಕೈಗೆ ಕೊಟ್ಟು ಕೆಳಗಿಳಿದಳು.