ಸಾಫ್ಟ್‌ವೇರ್ ಲಾಭಮೀಮಾಂಸೆ

ಸಾಫ್ಟ್‌ವೇರ್ ಕಂಪನಿಗೆ ನಷ್ಟ ಸ್ವಭಾವಸಿದ್ಧ. ಅದಕ್ಕೆ ಕಾರಣ ಹುಡುಕಬೇಕಿಲ್ಲ. ಲಾಭಕ್ಕೆ ಮಾತ್ರ ಕಾರಣ ಬೇಕು. ಆದ್ದರಿಂದಲೇ ಈ ಶಾಸ್ತ್ರ.

ಅನುಬಂಧ ಚತುಷ್ಟಯ: ಅಧಿಕಾರಿ ಯಾರೆಂದರೆ, ಕೋಟ ಮತ್ತು ಕುಂಭಾಶಿಯ ನಡುವೆ, ಹೆದ್ದಾರಿ 66ರ ಮೇಲಿರುವ ತೆಕ್ಕಟ್ಟೆಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂತ ತರುಣ. ವಿಷಯ, ಲಾಭ. ಪ್ರಯೋಜನವೂ ಅದೇ. ಸಂಬಂಧ, ಮನೆಯವರು ನೋಡುತ್ತಿದ್ದಾರೆ; ಹುಡುಗನಿಗೆ ಸಂಬಳವಿಲ್ಲವೆಂದು ಕೂಡಿಬಂದಿಲ್ಲ.

ಪೂರ್ವಪಕ್ಷ: ಸಾಲಿಗ್ರಾಮ, ಪೆರ್ಡೂರು ಯಕ್ಷಗಾನ ಮೇಳಗಳಂತೆ ಡೇರೆ ಹಾಕಿ ಟಿಕೆಟ್ ಮಾರಬೇಕು. ಲೈಸೆನ್ಸ್ ಎಂದರೆ ಇದೇ. ಆದರೆ ಡೇರೆಯಡಿ ನುಸುಳುವವರೂ ಇರುತ್ತಾರೆ. ಅದನ್ನು ಬೆಂಗಳೂರಿನಲ್ಲಿ ಪೈರಸಿ ಎನ್ನುತ್ತಾರೆ. ಶೇಷಾದ್ರಿವಾಸು 1998ರಲ್ಲಿ ಕನ್ನಡ ಟೈಪಿಂಗ್ ತಂತ್ರಾಂಶ 'ಬರಹ'ವನ್ನು ಉಚಿತವಾಗಿ ಕೊಟ್ಟು ಡೇರೆಯನ್ನೇ ಬಿಚ್ಚಿದರು. ಕನ್ನಡಿಗರಿಗೆ ಅಕ್ಷರಲಾಭವಾಯಿತು. ನಮ್ಮ ಶಾಸ್ತ್ರ ಹುಡುಕುತ್ತಿರುವುದು ಇನ್ನೊಂದು ಲಾಭವನ್ನು.

ಆಗ ಪೂರ್ವಪಕ್ಷಿ ಕೇಳುತ್ತಾನೆ: "ಹ್ವಾಯ್, ಟಿಕೆಟ್ ಇಲ್ದೆ ದುಡ್ಡ್ ಎಲ್ಲಿಂದ ಬತ್ತ್?"

ಸಿದ್ಧಾಂತ: ಮಂದಾರ್ತಿಯಿಂದ. ಅಲ್ಲಿನ ದೇವಸ್ಥಾನದ ಐದು ಮೇಳಗಳ ಆಟ ನೋಡಲು ಟಿಕೆಟ್ಟಿಲ್ಲ. ಖರ್ಚು ಹರಕೆ ಹೊತ್ತವರದು. ಸರದಿಗೆ ವರ್ಷಗಟ್ಟಲೆ ಕಾಯುತ್ತಾರೆ. ನಡುರಾತ್ರಿ ಪ್ರೇಕ್ಷಕರೆಲ್ಲ ತೂಕಡಿಸಿದರೂ ಮೇಳದ ವರಮಾನಕ್ಕೆ ಕುಂದಿಲ್ಲ. ಸೂತ್ರವಿಷ್ಟೆ: ನೋಡುವವರು ಬೇರೆ, ಕೊಡುವವರು ಬೇರೆ.

ನಿದರ್ಶನ: ಉಡುಪಿಯಲ್ಲಿ 1996ರಲ್ಲಿ ಶುರುವಾದ ರೋಬೋಸಾಫ್ಟ್, ಬೇರೆ ಕಂಪನಿಗಳಿಗೆ ಸಾಫ್ಟ್‌ವೇರ್, ಆಪ್ ಮಾಡಿಕೊಟ್ಟೇ ಬೆಳೆಯಿತು. ಬಳಸಿದವರು ಯಾರೋ, ಬಿಲ್ಲು ಕಟ್ಟಿದವರು ಯಾರೋ. 2021ರಲ್ಲಿ ಜಪಾನಿನ ಟೆಕ್ನೋಪ್ರೊ ಅದನ್ನು ಸುಮಾರು 805 ಕೋಟಿ ರೂಪಾಯಿಗೆ ಕೊಂಡಿತು. ಹರಕೆ ಸಮುದ್ರ ದಾಟಿಯೂ ಬರುತ್ತದೆಂಬುದಕ್ಕೆ ಇದು ಪ್ರತ್ಯಕ್ಷ ಪ್ರಮಾಣ.

ಆಕ್ಷೇಪ: ಹರಕೆಯವರು ಒಬ್ಬರೇ ಇದ್ದು, ಅವರೂ ಚೌಕಾಸಿಗೆ ಇಳಿದರೆ?

ಪರಿಹಾರ: ಮೇಳ ಒಂದೇ ಅಂಗಳವನ್ನು ನೆಚ್ಚಿ ತಿರುಗಾಟ ಹೊರಡುವುದಿಲ್ಲ. 1995ರಲ್ಲಿ ಇನ್ಫೋಸಿಸ್‌ಗೆ ವರಮಾನದ ಸುಮಾರು ಕಾಲುಭಾಗ ಬರುತ್ತಿದ್ದದ್ದು ಜನರಲ್ ಎಲೆಕ್ಟ್ರಿಕ್ ಒಂದರಿಂದಲೇ. ದರ ಇಳಿಸೆಂದಾಗ ಇನ್ಫೋಸಿಸ್ ಒಪ್ಪದೆ ಎದ್ದುಬಂತು. ಆಮೇಲೆ ಯಾವ ಒಬ್ಬ ಗಿರಾಕಿಯ ಮೇಲೂ ಅಷ್ಟು ಭಾರ ಹಾಕಬಾರದೆಂದು ಕಲಿಯಿತು. ನಮ್ಮ ಮೇಳಗಳಿಗೆ ಈ ಪಾಠಕ್ಕೆ ಎಂಬಿಎ ಬೇಕಾಗಲಿಲ್ಲ.

ಫಲಶ್ರುತಿ: ಇದನ್ನು ಓದಿದವರಿಗೆ ಲಾಭ ಖಚಿತವಲ್ಲ, ಖರ್ಚು ಕಡಿಮೆಯಾಗುವುದು ಖಚಿತ. ಆದ್ದರಿಂದ ತೆಕ್ಕಟ್ಟೆಯ ತರುಣರೇ, ಆಟ ಆಡಿಸುವವರು ಯಾರೆಂದು ಗೊತ್ತಾಗುವ ಮೊದಲು ಕೋಡ್ ಬರೆಯಲು ಕೂರಬೇಡಿ.