ಒಬ್ಬ ಅಪ್ಪ, ಎರಡು ಆದಾಯ

ನನ್ನ ಭಾವಮೈದುನನ ದಿನಸಿ ಅಂಗಡಿಯಲ್ಲಿ ಗಲ್ಲಾಪೆಟ್ಟಿಗೆಯ ಮೇಲೊಂದು ಬೋರ್ಡು ತೂಗುತ್ತದೆ: ‘ಇಂದು ನಗದು, ನಾಳೆ ಉದ್ರಿ’. ಇಪ್ಪತ್ತೆರಡು ವರ್ಷದಿಂದ ಆ ನಾಳೆ ಬಂದಿಲ್ಲ. ಕಾಲು ಕೆ.ಜಿ. ತೊಗರಿಬೇಳೆಯನ್ನೂ ಸಾಲ ಕೊಡದ ಈ ಮನುಷ್ಯ ಒಂದು ಸಂಜೆ ನಮ್ಮ ಮನೆಗೆ ಬಂದು, ಚಪ್ಪಲಿ ಬಿಡುವ ಮೊದಲೇ ಕೇಳಿದ: “ಭಾವ, ಎಷ್ಟು ಸಾಲ ತಗೊಳ್ಳಲಿ?”

ಮಗನಿಗೆ ಸಿಇಟಿಯಲ್ಲಿ ಬೆಂಗಳೂರಿನ ಖಾಸಗಿ ಕಾಲೇಜೊಂದರಲ್ಲಿ ಎಂಜಿನಿಯರಿಂಗ್ ಸೀಟು ಸಿಕ್ಕಿತ್ತು. “ಎಷ್ಟು ಬೇಕಾಗುತ್ತೆ?” ಅಂದೆ. ಪೆದ್ದನನ್ನು ನೋಡುವ ಹಾಗೆ ನೋಡಿದ. “ಎಷ್ಟು ಬೇಕು ಅಂತಲ್ಲ ಭಾವ, ಎಷ್ಟು ಸಿಗುತ್ತೆ ಅಂತ.”

ಆದರೂ ಕ್ಯಾಲೆಂಡರಿನ ಹಾಳೆ ಹರಿದು ಹಿಂದುಗಡೆ ಲೆಕ್ಕ ಹಾಕಿದೆವು. ನಾಲ್ಕು ವರ್ಷದ ಫೀಸು, ಹಾಸ್ಟೆಲ್ಲು, ಪುಸ್ತಕ, ಹಬ್ಬಕ್ಕೆ ಊರಿಗೆ ಬಂದು ಹೋಗುವ ಬಸ್‌ಚಾರ್ಜು. ಅಂಗಡಿಯಿಂದ ವರ್ಷಾ ವರ್ಷಾ ಎತ್ತಬಹುದಾದ ದುಡ್ಡು ಕಳೆದರೆ ಉಳಿದದ್ದು 3,60,000 ರೂಪಾಯಿ. ನಾಲ್ಕು ಲಕ್ಷದವರೆಗಿನ ಶೈಕ್ಷಣಿಕ ಸಾಲಕ್ಕೆ ಬ್ಯಾಂಕಿನವರು ಮಾರ್ಜಿನ್ ಅಂತ ನಾವು ಕೈಯಿಂದ ಹಾಕಬೇಕಾದ ದುಡ್ಡನ್ನೂ ಕೇಳುವುದಿಲ್ಲ. ಸರಿಹೋಯಿತು ಅಂದುಕೊಂಡು ಪೆನ್ನಿಗೆ ಕ್ಯಾಪು ಹಾಕಿದೆ.

ಎರಡು ದಿನ ಬಿಟ್ಟು ಯಾರೋ ಅವನ ಕಿವಿಗೆ ಏಳೂವರೆ ಲಕ್ಷದ ವಿಷಯ ಹಾಕಿಬಿಟ್ಟರು. ಅಷ್ಟರ ತನಕ ಮನೆಪತ್ರ, ಸೈಟಿನ ಪತ್ರ ಏನನ್ನೂ ಅಡವಿಡಬೇಕಿಲ್ಲ, ಸರ್ಕಾರದ ಖಾತರಿ ನಿಧಿಯೇ ಬ್ಯಾಂಕಿನ ಬೆನ್ನಿಗಿದೆ. ಅಂದಿನಿಂದ ಹುಡುಗನ ಅಗತ್ಯಗಳು ಏಳೂವರೆ ಲಕ್ಷದ ಕಡೆಗೆ ಹಬ್ಬತೊಡಗಿದವು, ಕುಂಬಳದ ಬಳ್ಳಿ ಚಪ್ಪರ ಹುಡುಕಿಕೊಂಡು ಹೋಗುವ ಹಾಗೆ. 45,000ದ ಲ್ಯಾಪ್‌ಟಾಪು ವಾರದೊಳಗೆ 90,000 ಆಯಿತು. ಮೂವರಿರುವ ಕೋಣೆಯಲ್ಲಿ ಮೊಮ್ಮಗ ಹೇಗೆ ಓದುತ್ತಾನೆ ಅಂತ ನಮ್ಮತ್ತೆ ಕಣ್ಣೀರು ಹಾಕಿದರು, ಕೋಣೆ ಒಬ್ಬನದಾಯಿತು. ಕೊನೆಗೊಂದು ರಾತ್ರಿ ಭಾವಮೈದುನ ದನಿ ತಗ್ಗಿಸಿ ಹೇಳಿದ: “ಅಂಗಡಿಗೊಂದು ಡೀಪ್ ಫ್ರೀಜರ್ ತಗೊಂಡ್ರೆ ಅದರ ವ್ಯಾಪಾರದಲ್ಲೇ ಕಂತು ಕಟ್ಟಿಬಿಡಬಹುದು ಭಾವ.” ಫೀಸಿನ ದುಡ್ಡನ್ನು ಬ್ಯಾಂಕು ನೇರ ಕಾಲೇಜಿಗೇ ಕಟ್ಟುತ್ತದೆ, ಕಾಲೇಜು ಫ್ರೀಜರ್ ಮಾರುವುದಿಲ್ಲ ಎಂದು ತಿಳಿಸಬೇಕಾಯಿತು.

ಪುಣ್ಯಕ್ಕೆ ಡೊನೇಷನ್ ಇರಲಿಲ್ಲ. 1984ರಲ್ಲೇ ಕ್ಯಾಪಿಟೇಷನ್ ಶುಲ್ಕ ನಿಷೇಧಿಸಿ ಕಾನೂನು ಮಾಡಿದ ರಾಜ್ಯ ನಮ್ಮದು. ಹಾಗಾಗಿ ಡೊನೇಷನ್ನಿಗೆ ಬ್ಯಾಂಕಿನಲ್ಲಿ ಸಾಲ ಹುಟ್ಟುವುದಿಲ್ಲ. ಇಲ್ಲದ ವಸ್ತುವಿಗೆ ಯಾರು ಸಾಲ ಕೊಡುತ್ತಾರೆ? ಅದನ್ನು ಸೈಟು ಮಾರಿಯೇ ಕೊಡಬೇಕು.

ದಿನಕ್ಕೆ ಹತ್ತು ಸಲ ಬಡ್ಡಿ ಲೆಕ್ಕ ಮಾಡುವವನಿಗೆ ನಾನೇನು ಹೇಳಿಕೊಡುವುದು? ಆದರೂ ಹೇಳಿದೆ. ಏಳೂವರೆ ಲಕ್ಷವನ್ನು ನಾಲ್ಕು ಸಮ ಕಂತಿನಲ್ಲಿ ಎತ್ತಿದೆವು ಅಂತಿಟ್ಟುಕೋ. ಬಡ್ಡಿ ಶೇ. 10. ಕೋರ್ಸಿನ ನಾಲ್ಕು ವರ್ಷ, ಆಮೇಲೊಂದು ವರ್ಷ ಏನೂ ಕಟ್ಟಬೇಕಿಲ್ಲ. ಆ ಹೊತ್ತಿನಲ್ಲಿ ಹಾಕುವುದು ಬರೀ ಸರಳ ಬಡ್ಡಿ. ಈ ‘ಬರೀ ಸರಳ’ ಬಡ್ಡಿಯೇ 2,62,500. ಅಂದರೆ ಮೊದಲ ಇಎಂಐ ಕಟ್ಟುವ ದಿನ ಹುಡುಗ ಹೊತ್ತಿರುವುದು ಹತ್ತು ಲಕ್ಷ ದಾಟಿದ ಸಾಲ. ಹದಿನೈದು ವರ್ಷಕ್ಕೆ ಹಂಚಿದರೆ ತಿಂಗಳಿಗೆ ಸುಮಾರು 10,900. ಕಟ್ಟಿ ಮುಗಿಸುವ ಹೊತ್ತಿಗೆ ಕೈಬಿಟ್ಟು ಹೋಗುವುದು ಹತ್ತೊಂಬತ್ತೂವರೆ ಲಕ್ಷದ ಮೇಲೆ. ತನ್ನ ಮಗನನ್ನು ಎಲ್‌ಕೆಜಿಗೆ ಸೇರಿಸುವಾಗಲೂ ಅವನು ಈ ಲ್ಯಾಪ್‌ಟಾಪಿನ ಬಾಕಿ ತೀರಿಸುತ್ತಿರುತ್ತಾನೆ. ಲ್ಯಾಪ್‌ಟಾಪು ಅಷ್ಟರೊಳಗೆ ಗುಜರಿ.

“ಕಟ್ಟೋನು ಅವನಲ್ವಾ?” ಅಂದ ಭಾವಮೈದುನ. “ಕ್ಯಾಂಪಸ್ ಆಯ್ತು ಅಂದ್ರೆ ಹತ್ತು ಸಾವಿರ ಯಾವ ಲೆಕ್ಕ?” ಕಾಲೇಜಿನ ಗೇಟಿನಲ್ಲಿ ಫ್ಲೆಕ್ಸು ನೋಡಿ ಬಂದಿದ್ದ. ಅದರಲ್ಲಿ ಎಲ್ಲರಿಗಿಂತ ದೊಡ್ಡ ಪ್ಯಾಕೇಜು ಪಡೆದ ಹುಡುಗ ಕೋಟು ಹಾಕಿಕೊಂಡು ನಗುತ್ತಿದ್ದ. ಎಲ್ಲರಿಗಿಂತ ಚಿಕ್ಕ ಪ್ಯಾಕೇಜು ಪಡೆದವನ ಫೋಟೋಗೆ ಜಾಗ ಸಾಕಾಗಿರಲಿಲ್ಲ.

ಸಾಲ ಜಾಸ್ತಿಯಾದಷ್ಟೂ ಲಾಭ ಎಂದು ಅವನಿಗೆ ಬೋಧಿಸಿದವರು ಇನ್ನೂ ಒಬ್ಬರಿದ್ದರು: ಅವನ ಆಡಿಟರು. ಹಳೆಯ ಪದ್ಧತಿಯಲ್ಲಿ ತೆರಿಗೆ ಕಟ್ಟಿದರೆ 80ಇ ಕಲಮಿನಡಿ ಎಂಟು ವರ್ಷ ಪೂರ್ತಿ ಬಡ್ಡಿಗೆ ವಿನಾಯಿತಿ. ಭಾವಮೈದುನ ಕಟ್ಟುವ ತೆರಿಗೆ ಸೊನ್ನೆ. ಸೊನ್ನೆಯಲ್ಲಿ ವಿನಾಯಿತಿ ಕಳೆಯುವ ಸುಖಕ್ಕಾಗಿ ಬಡ್ಡಿ ಕಟ್ಟಲು ಅವನು ತಯಾರಾಗಿದ್ದ.

ಇದು ತೀರಿಸಬೇಕಾದ ದುಡ್ಡಿನ ಕತೆ. ತೀರಿಸಬೇಕಿಲ್ಲದ ದುಡ್ಡಿಗೆ ಬೇರೆಯದೇ ಶಾಸ್ತ್ರ. ಸಾಲಕ್ಕೆ ಅಪ್ಪ ಸ್ಥಿತಿವಂತನಾಗಿರಬೇಕು, ವಿದ್ಯಾರ್ಥಿವೇತನಕ್ಕೆ ಬಡವನಾಗಿರಬೇಕು. ಎಷ್ಟು ಬಡವ ಎನ್ನುವುದಕ್ಕೂ ಮೆಟ್ಟಿಲುಗಳಿವೆ. ಕೇಂದ್ರದ ಪೋಸ್ಟ್ ಮೆಟ್ರಿಕ್ ವಿದ್ಯಾರ್ಥಿವೇತನ ಬೇಕಾದವರ ಅಪ್ಪ ಎರಡೂವರೆ ಲಕ್ಷದೊಳಗೆ ಬದುಕಬೇಕು. ಕೋರ್ಸು ಮುಗಿದು ಒಂದು ವರ್ಷದ ತನಕದ ಬಡ್ಡಿಯನ್ನು ಸರ್ಕಾರ ಕಟ್ಟಬೇಕಾದರೆ ನಾಲ್ಕೂವರೆ ಲಕ್ಷ. 2024ರ ನವೆಂಬರಿನಲ್ಲಿ ಒಪ್ಪಿಗೆಯಾದ ಪಿಎಂ ವಿದ್ಯಾಲಕ್ಷ್ಮಿಯ ಶೇ. 3ರ ಬಡ್ಡಿ ರಿಯಾಯಿತಿಗೆ ಎಂಟು ಲಕ್ಷ. ಅದಕ್ಕೆ ಕಾಲೇಜೂ ಕೇಂದ್ರದ ಆಯ್ದ ಪಟ್ಟಿಯಲ್ಲಿರಬೇಕು, ನಮ್ಮ ಹುಡುಗನದು ಅದರಲ್ಲಿಲ್ಲ. ಸಿಗುವ ದುಡ್ಡಾದರೂ ಎಷ್ಟು? ನಮ್ಮ ರಾಜ್ಯದ ವಿದ್ಯಾಸಿರಿ ಶುರುವಾದಾಗ ಊಟ ವಸತಿಗೆ ಅಂತ ತಿಂಗಳಿಗೆ 1,500 ರೂಪಾಯಿ, ಅದೂ ವರ್ಷಕ್ಕೆ ಹತ್ತು ತಿಂಗಳು. ಉಳಿದೆರಡು ತಿಂಗಳು ಹಸಿವಿಗೂ ರಜೆ.

ಭಾವಮೈದುನ ನಾಡಕಚೇರಿಯಿಂದ ಆದಾಯ ಪ್ರಮಾಣಪತ್ರ ತಂದ. ವಾರ್ಷಿಕ ಆದಾಯ 98,000 ರೂಪಾಯಿ. ಅದೇ ವಾರ ಬ್ಯಾಂಕಿಗೆಂದು ಐಟಿ ರಿಟರ್ನ್ ಪ್ರತಿ ತೆಗೆಸಿದ. ಅದರಲ್ಲಿ 4,85,000. ಎರಡರಲ್ಲೂ ಅವನದೇ ಹೆಸರು, ಅವನಪ್ಪನದೇ ಹೆಸರು. ಪ್ರಮಾಣಪತ್ರದ ಪ್ರಕಾರ ಅವನು ದಿನಕ್ಕೆ 270 ರೂಪಾಯಿಯಲ್ಲಿ ಸಂಸಾರ ತೂಗಿಸುತ್ತಾನೆ. ಅಷ್ಟು ದುಡ್ಡಿನ ಗೋಡಂಬಿ ಅವನ ಅಂಗಡಿಯಲ್ಲಿ ಇಲಿ ತಿನ್ನುತ್ತದೆ. “ತಪ್ಪಲ್ವೇನೋ?” ಅಂದೆ. “ಸರ್ಕಾರನೇ ಸೀಲು ಒತ್ತಿದೆ ಭಾವ” ಅಂದ. ನಿಜವಾಗಿ ಬಡವನಾದ ಅಪ್ಪನಿಗೆ ಈ ಸೌಕರ್ಯವಿಲ್ಲ. ಅವನಿಗಿರುವುದು ಒಂದೇ ಆದಾಯ. ಅದನ್ನು ಹಿಡಿದುಕೊಂಡು ಬ್ಯಾಂಕಿಗೆ ಹೋದರೆ ಹೇಗೆ ತೀರಿಸುತ್ತೀ ಅನ್ನುತ್ತಾರೆ. ವಿದ್ಯಾರ್ಥಿವೇತನದ ಸಾಲಿಗೆ ಹೋದರೆ ಅಲ್ಲಿ ಅವನಿಗಿಂತ ಮುಂದೆ ನನ್ನ ಭಾವಮೈದುನ ನಿಂತಿರುತ್ತಾನೆ.

ಅಮೆರಿಕದಲ್ಲಿ ನೆಲೆಸಿರುವ ನನ್ನ ಚಿಕ್ಕಪ್ಪನ ಮಗಳಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿಕೊಂಡೆ. ಅವಳ ಮಗಳೂ ಅಲ್ಲಿ ಕಾಲೇಜಿಗೆ ಹೊರಟಿದ್ದಾಳೆ. ಅಲ್ಲಿ ಫಾಫ್ಸಾ ಎನ್ನುವ ಅರ್ಜಿ ತುಂಬಿದರೆ ಸರ್ಕಾರವೇ ಮನೆಯವರ ಯೋಗ್ಯತೆಯನ್ನು ಒಂದು ಅಂಕಿಯಲ್ಲಿ ಹೇಳಿಬಿಡುತ್ತದಂತೆ. ಮೊದಲು ಆ ಅಂಕಿ ಸೊನ್ನೆಗಿಂತ ಕೆಳಗೆ ಹೋಗುತ್ತಿರಲಿಲ್ಲ. 2024–25ರಿಂದ ಮೈನಸ್ 1,500ರ ತನಕ ಇಳಿಯಬಹುದು. ಏನೂ ಇಲ್ಲದವನಿಗಿಂತಲೂ ಕಡಿಮೆ ಇರುವ ಅಪ್ಪ! ನಮ್ಮ ನಾಡಕಚೇರಿಗೆ ಈ ಯೋಚನೆ ಇನ್ನೂ ಹೊಳೆದಿಲ್ಲ. ಆಮೇಲೆ ಕಾಲೇಜಿನಿಂದ ಒಂದು ಕಾಗದ ಬರುತ್ತದೆ. ಅನುದಾನ, ಸಾಲ, ಕ್ಯಾಂಪಸ್ಸಿನಲ್ಲಿ ದುಡಿದು ಗಳಿಸಬೇಕಾದ ಕೂಲಿ, ಮೂರನ್ನೂ ಕೂಡಿಸಿ ‘ನಿಮಗೆ ಇಷ್ಟು ನೆರವು’ ಅಂತ. ಬಾಯಿಮಾತಿನಲ್ಲಿ ಅದಕ್ಕೆ ಅವಾರ್ಡ್ ಲೆಟರ್ ಅನ್ನುತ್ತಾರೆ. ಸಾಲಕ್ಕೆ ಪ್ರಶಸ್ತಿ ಅನ್ನುವ ಹೆಸರು! ಹಾರ, ಶಾಲು, ಹಣ್ಣಿನ ಬುಟ್ಟಿಯಷ್ಟೇ ಬಾಕಿ. ಒಂದು ವಿಷಯ ಮಾತ್ರ ಒಪ್ಪಬೇಕು: ಅಲ್ಲಿ ಪ್ರತಿ ಬಾಬ್ತಿನ ಮುಂದೆ ಬೇಕು, ಬೇಡ, ಇಷ್ಟೇ ಸಾಕು ಎಂದು ವಿದ್ಯಾರ್ಥಿಯೇ ಆರಿಸಿಕೊಳ್ಳಬಹುದು. ಕೇಂದ್ರ ಸರ್ಕಾರದ ಸಾಲಕ್ಕೆ ಮೊದಲ ವರ್ಷದ ಮಿತಿ 5,500 ಡಾಲರ್. ಅವಳ ಮಗಳು 3,500 ಸಾಕು ಅಂದಳಂತೆ.

ನಮ್ಮ ಹುಡುಗನನ್ನು ಈ ತನಕ ಯಾರೂ ಕೇಳಿರಲಿಲ್ಲ. ಬ್ಯಾಂಕಿಗೆ ಹೋದ ದಿನ ಅಧಿಕಾರಿ ಅವನ ಕಡೆ ತಿರುಗಿ “ಎಷ್ಟು ಬೇಕಪ್ಪ ನಿನಗೆ?” ಅಂದರು. ಹುಡುಗ ಮೊಬೈಲು ಜೇಬಿಗೆ ಹಾಕಿ “ಮೂರು ಅರವತ್ತು ಸಾರ್” ಅಂದ. ಕ್ಯಾಲೆಂಡರಿನ ಆ ಹಾಳೆಯನ್ನು ಇವನೊಬ್ಬ ಓದಿಟ್ಟುಕೊಂಡಿದ್ದ. ಮೇಜಿನ ಕೆಳಗೆ ಭಾವಮೈದುನ ತುಳಿದದ್ದು ಗುರಿತಪ್ಪಿ ನನ್ನ ಕಾಲನ್ನು. “ಮಗು ಸಾರ್, ಅದಕ್ಕೇನು ಗೊತ್ತಾಗುತ್ತೆ? ಏಳೂವರೆ ಬರ್ಕೊಳ್ಳಿ.”

ಅಧಿಕಾರಿ ಬರೆದುಕೊಂಡರು. ರಿಟರ್ನ್ ನೋಡಿ, ತೀರಿಸುವ ಶಕ್ತಿ ಇದೆ ಅಂದರು. ನಾಲ್ಕು ಲಕ್ಷ ದಾಟಿದ್ದರಿಂದ ಶೇ. 5 ಮಾರ್ಜಿನ್ ನೀವು ಹಾಕಬೇಕು, ವಿದ್ಯಾರ್ಥಿವೇತನ ಏನಾದರೂ ಬರುವುದಿದ್ದರೆ ಅದನ್ನೂ ಮಾರ್ಜಿನ್ನಿಗೆ ಹಿಡಿಯಬಹುದು ಅಂದರು. ಕೈಯಿಂದ ದುಡ್ಡು ಹಾಕುವುದು ತಪ್ಪುತ್ತದೆ ಎಂದು ಗೊತ್ತಾಗಿದ್ದೇ ತಡ, ಭಾವಮೈದುನನ ಮುಖ ಅರಳಿತು. ನಾನು ಬೇಡ ಅನ್ನುವಷ್ಟರಲ್ಲಿ ಪ್ಲಾಸ್ಟಿಕ್ ಕವರಿನಿಂದ ವಿದ್ಯಾರ್ಥಿವೇತನದ ಅರ್ಜಿ ತೆಗೆದು ಮೇಜಿನ ಮೇಲಿಟ್ಟ. ಪಿನ್ ಹೊಡೆದಿದ್ದ ಆದಾಯ ಪ್ರಮಾಣಪತ್ರವೂ ಅದರ ಜೊತೆ ಬಂತು.

ಅಧಿಕಾರಿ ಕನ್ನಡಕ ಸರಿಮಾಡಿಕೊಂಡು 98,000ದ ಅಪ್ಪನನ್ನು ಓದಿದರು. 4,85,000ದ ಅಪ್ಪನನ್ನು ಓದಿದರು. ಎರಡನ್ನೂ ಅಕ್ಕಪಕ್ಕ ಇಟ್ಟು, ತಲೆಯೆತ್ತಿ ಕೇಳಿದರು: “ಸಾಲದ ಪತ್ರಕ್ಕೆ ಇವರಿಬ್ಬರಲ್ಲಿ ಯಾರು ಸೈನ್ ಮಾಡ್ತಾರೆ?”

ಭಾವಮೈದುನ ಒಂದು ಕ್ಷಣ ಯೋಚಿಸಿದ. ಆಮೇಲೆ ನನ್ನ ಜೇಬಿಗೆ ಕೈಹಾಕಿ ಪೆನ್ನು ತೆಗೆದುಕೊಂಡ.